ಕಣ್ಣ ಕೆಳಗಿನ ಗುಳಿಗೆ ಫಿಲ್ಲರ್: ಆರಿಸುವ ಮುನ್ನ

ಹೆಣ್ಣು ನೋಡಲು ಬಂದವರು ಚಹಾ ಕುಡಿದು ಎದ್ದು ಹೋಗುವಾಗ, "ಹುಡುಗಿಗೆ ಏನಾದರೂ ಕಾಯಿಲೆಯಿದೆಯೇ? ಕಣ್ಣು ಗುಳಿ ಬಿದ್ದಿದೆಯಲ್ಲ" ಎಂದು ಒಂದು ಮಾತು ಬಿಟ್ಟು ಹೋಗುತ್ತಾರೆ. ಆಡಿದವರಿಗೆ ಅದು ಅಂಗಳ ದಾಟುವಷ್ಟರಲ್ಲಿ ಮರೆತುಹೋಗುವ ಮಾತು. ಆದರೆ ಆ ಮನೆಯಲ್ಲಿ ಅದು ತಿಂಗಳುಗಟ್ಟಲೆ ಉಳಿದುಕೊಳ್ಳುತ್ತದೆ. ಉಮ್ಮ ಸೌತೆಕಾಯಿಯ ಹೋಳು ಇಡಿಸುತ್ತಾರೆ, ಬಾದಾಮಿ ಎಣ್ಣೆ ಹಚ್ಚಿಸುತ್ತಾರೆ, ಅಂಗಡಿಯ ಕ್ರೀಮುಗಳಿಗೆ ಹಣ ಸುರಿಯುತ್ತಾರೆ. ಕೊನೆಗೆ ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರೊಬ್ಬರಿಂದ ಸಲಹೆ ಬರುತ್ತದೆ: "ಇದಕ್ಕೀಗ ಫಿಲ್ಲರ್ ಎಂಬ ಇಂಜೆಕ್ಷನ್ ಇದೆ. ಅರ್ಧ ಗಂಟೆಯ ಕೆಲಸ."

ಅಲ್ಲಿಂದ ಎರಡು ಪ್ರಶ್ನೆಗಳು ಏಳುತ್ತವೆ. ಇದನ್ನು ಮಾಡಿಸಿಕೊಳ್ಳಲು ಧರ್ಮದಲ್ಲಿ ಅನುಮತಿಯಿದೆಯೇ? ಮಾಡಿಸುವುದಾದರೆ ಯಾವ ಫಿಲ್ಲರ್ ಒಳ್ಳೆಯದು? ನಮ್ಮಲ್ಲಿ ಹೆಚ್ಚಿನವರು ಮೊದಲ ಪ್ರಶ್ನೆಯನ್ನು ಮೌಲವಿಯವರ ಬಳಿಯೂ ಎರಡನೆಯದನ್ನು ಕ್ಲಿನಿಕ್ಕಿನ ಕೌಂಟರಿನಲ್ಲಿ ಕುಳಿತವರ ಬಳಿಯೂ ಕೇಳಿ, ಎರಡೂ ಕಡೆಯಿಂದ ಅರ್ಧ ಉತ್ತರ ಪಡೆದು ಬರುತ್ತಾರೆ. ಮೌಲವಿಯವರಿಗೆ ಆ ಸಿರಿಂಜಿನೊಳಗೆ ಏನಿದೆಯೆಂದು ಯಾರೂ ಹೇಳಿರುವುದಿಲ್ಲ. ಕ್ಲಿನಿಕ್ಕಿನವರಿಗೆ ಧರ್ಮವಿಧಿಯ ಚಿಂತೆಯಿರುವುದಿಲ್ಲ. ಒಂದು ವಿಷಯದ ಕುರಿತು ಧರ್ಮವಿಧಿ ತಿಳಿಯಬೇಕಾದರೆ ಆ ವಿಷಯದ ನಿಜಸ್ಥಿತಿ ಮೊದಲು ತಿಳಿದಿರಬೇಕು. ಆದುದರಿಂದ ನಾವು ಎರಡನೆಯ ಪ್ರಶ್ನೆಯಿಂದಲೇ ಆರಂಭಿಸೋಣ.

ಅದು ನಿಜವಾಗಿ ಗುಳಿಯೇ?

ಕಣ್ಣಿನ ಕೆಳಗೆ ಕಪ್ಪಾಗಿ ಕಾಣುವುದೆಲ್ಲ ಗುಳಿಯಲ್ಲ. ಫಿಲ್ಲರ್ ಕೆಲಸ ಮಾಡುವುದು ಗುಳಿಯ ಮೇಲೆ ಮಾತ್ರ. ಈ ಒಂದು ವಿವೇಚನೆ ಇಲ್ಲದುದರಿಂದಲೇ ಅನೇಕರು ಹಣವನ್ನೂ ಕೆಲವರು ಮುಖವನ್ನೂ ಕೆಡಿಸಿಕೊಂಡಿದ್ದಾರೆ.

ನಮ್ಮ ಕೆಳರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳುವಾದುದು. ಅದರಡಿಯಲ್ಲಿ ಕಣ್ಣನ್ನು ಸುತ್ತುವರಿದ ಒಂದು ಸ್ನಾಯು ಇದೆ. ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಓರೆಯಾಗಿ ಇಳಿಯುವ ಗೆರೆಯಲ್ಲಿ ಚರ್ಮವನ್ನು ಎಲುಬಿಗೆ ಬಿಗಿದು ಹಿಡಿದಿರುವ ನಾರಿನಂತಹ ಕಟ್ಟೊಂದು ಇದೆ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಕೆಳಕ್ಕಿಳಿಯುತ್ತದೆ, ಎಲುಬು ಕೂಡ ಸ್ವಲ್ಪ ಸವೆಯುತ್ತದೆ. ಆದರೆ ಆ ಕಟ್ಟು ಮಾತ್ರ ಸಡಿಲವಾಗದೆ ನಿಲ್ಲುವುದರಿಂದ ಅಲ್ಲಿ ತಗ್ಗು ಕಾಣಿಸಿಕೊಳ್ಳುತ್ತದೆ. ಕಣ್ಣೀರು ಹರಿದುಹೋಗುವ ದಾರಿಯಂತೆ ಕಾಣುವುದರಿಂದ ವೈದ್ಯರು ಇದನ್ನು ಕಣ್ಣೀರಿನ ಕಾಲುವೆ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಕೆಲವರಿಗೆ ಇದು ವಂಶಪಾರಂಪರ್ಯವಾಗಿ ಇಪ್ಪತ್ತರ ಹರೆಯದಲ್ಲೇ ಇರುತ್ತದೆ. ತಾಯಿಗೂ ಅಜ್ಜಿಗೂ ಇದ್ದುದೇ ಮಗಳಿಗೂ ಬಂದಿರುತ್ತದೆ.

ಇನ್ನು ಬಣ್ಣ. ನಮ್ಮ ದೇಶದ ಜನರಲ್ಲಿ ಕಣ್ಣಿನ ಸುತ್ತ ಚರ್ಮವೇ ಕಪ್ಪಾಗಿರುವುದು ಬಹಳ ಸಾಮಾನ್ಯ. ಮೂಗಿನ ಅಲರ್ಜಿಯಿಂದ ಸದಾ ಕಣ್ಣುಜ್ಜುವವರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ. ಕೆಲವರಲ್ಲಿ ತೆಳು ಚರ್ಮದ ಮೂಲಕ ನೀಲಿ ರಕ್ತನಾಳಗಳು ಕಾಣುತ್ತವೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳ ಮುಖ ಬಿಳಿಚಿಕೊಂಡಾಗ ಇದ್ದ ಕಪ್ಪು ಎದ್ದು ಕಾಣುತ್ತದೆ. ಅಂತಹವರಿಗೆ ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ. ಥೈರಾಯ್ಡ್ ತೊಂದರೆಯಿದ್ದರೆ ರೆಪ್ಪೆಯ ಸುತ್ತ ಊತ ಬರುತ್ತದೆ. ಮತ್ತೆ ಕೆಲವರಲ್ಲಿ ಕಣ್ಣಿನ ಕೆಳಗಿನ ಕೊಬ್ಬು ಚೀಲದಂತೆ ಮುಂದಕ್ಕೆ ಉಬ್ಬಿ, ಅದರ ನೆರಳು ಕೆಳಗೆ ಬಿದ್ದು ಗುಳಿಯಂತೆ ತೋರುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಮೇಲಿನಿಂದ ಬೆಳಕು ಬೀಳುವಲ್ಲಿ ಕನ್ನಡಿ ನೋಡಿ. ಬಳಿಕ ಕಿಟಕಿಗೆ ನೇರ ಮುಖಮಾಡಿ, ಬೆಳಕು ಎದುರಿನಿಂದ ಬೀಳುವಂತೆ ನಿಂತು ನೋಡಿ. ಎದುರು ಬೆಳಕಿನಲ್ಲಿ ಕಪ್ಪು ಮಾಯವಾದರೆ ಅದು ನೆರಳು, ಅಂದರೆ ಗುಳಿ ಅಥವಾ ಉಬ್ಬು. ಮಾಯವಾಗದಿದ್ದರೆ ಅದು ಚರ್ಮದ ಬಣ್ಣ. ಬೆರಳಿನಿಂದ ಚರ್ಮವನ್ನು ಮೆಲ್ಲನೆ ಪಕ್ಕಕ್ಕೆ ಎಳೆದಾಗ ಕಪ್ಪು ಚರ್ಮದೊಂದಿಗೇ ಸರಿದರೆ ಅದೂ ಬಣ್ಣವೇ. ಎಳೆದಾಗ ನೀಲಿ ಹೆಚ್ಚಾದರೆ ರಕ್ತನಾಳ. ತಲೆ ಅಲುಗಿಸದೆ ಕಣ್ಣುಗಳನ್ನು ಮಾತ್ರ ಮೇಲಕ್ಕೆತ್ತಿದಾಗ ಉಬ್ಬು ದೊಡ್ಡದಾದರೆ ಅದು ಕೊಬ್ಬಿನ ಚೀಲ.

ಬಣ್ಣಕ್ಕೆ ಫಿಲ್ಲರ್ ಹಾಕಿದರೆ ಬಣ್ಣ ಹೋಗುವುದಿಲ್ಲ. ದೊಡ್ಡ ಚೀಲಕ್ಕೆ ಫಿಲ್ಲರ್ ಹಾಕಿದರೆ ಊತ ಇಮ್ಮಡಿಯಾಗುತ್ತದೆ. ಅದಕ್ಕೆ ಉಪಾಯ ಶಸ್ತ್ರಚಿಕಿತ್ಸೆ ಮಾತ್ರ. ಚರ್ಮ ಜೋತುಬಿದ್ದವರಿಗೂ, ಬೆಳಿಗ್ಗೆ ಏಳುವಾಗ ಕೆನ್ನೆಯ ಮೇಲ್ಭಾಗ ನೀರು ತುಂಬಿದಂತೆ ಊದಿಕೊಳ್ಳುವವರಿಗೂ ಫಿಲ್ಲರ್ ಹೊಂದುವುದಿಲ್ಲ. ಈ ಎಲ್ಲರನ್ನೂ ಕಳೆದ ಮೇಲೆ ಉಳಿಯುವ, ಗಟ್ಟಿಯಾದ ಚರ್ಮವಿದ್ದು ಸ್ಪಷ್ಟವಾದ ತಗ್ಗು ಮಾತ್ರ ಇರುವವರಿಗಷ್ಟೇ ಇದು ತಕ್ಕದ್ದು.

ಇಲ್ಲಿ ಸುರ್ಮಾದ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಇಸ್ಮಿದ್ ಎಂಬ ಅಂಜನವನ್ನು ಪ್ರವಾದಿವರ್ಯರು(ಸ) ಮೆಚ್ಚಿದ್ದರೆಂದು ಹದೀಸ್‌ಗಳಲ್ಲಿದೆ. ಆದರೆ ಇಂದು ಮಾರುಕಟ್ಟೆಯಲ್ಲಿ ಸುರ್ಮಾ ಎಂದು ಸಿಗುವ ಪುಡಿಗಳಲ್ಲಿ ಅನೇಕವು ಸೀಸದ ಅದಿರಿನಿಂದ ಮಾಡಿದವು. ಸೀಸ ದೇಹಕ್ಕೆ ವಿಷ, ಮಕ್ಕಳಿಗಂತೂ ಬಹಳ ಅಪಾಯ. ಕಣ್ಣಿನ ಕಪ್ಪನ್ನು ಮುಚ್ಚಲು ದಿನವೂ ಅದನ್ನು ತೀಡಿ, ರಾತ್ರಿ ಉಜ್ಜಿ ತೆಗೆಯುವವರು ಕಪ್ಪನ್ನು ಇನ್ನಷ್ಟು ಹೆಚ್ಚಿಸಿಕೊಳ್ಳುತ್ತಾರೆ.

ಸಿರಿಂಜಿನೊಳಗೆ ಏನಿದೆ?

ಫಿಲ್ಲರ್ ಎಂದರೆ ತುಂಬುವ ವಸ್ತು. ಇದು ಬೋಟಾಕ್ಸ್ ಅಲ್ಲ. ಬೋಟಾಕ್ಸ್ ಸ್ನಾಯುವನ್ನು ಸಡಿಲಗೊಳಿಸುತ್ತದೆ, ಫಿಲ್ಲರ್ ತಗ್ಗನ್ನು ತುಂಬುತ್ತದೆ. ಅಮೇರಿಕದಲ್ಲಿ 1981ರಲ್ಲಿ ಮೊದಲು ಅನುಮತಿ ಪಡೆದದ್ದು ದನದ ಚರ್ಮದಿಂದ ತೆಗೆದ ಕೊಲಾಜನ್. ಅದಕ್ಕೆ ಅಲರ್ಜಿಯ ಭಯವಿದ್ದುದರಿಂದ ಮುಂಚಿತವಾಗಿ ಕೈಯ ಚರ್ಮದ ಮೇಲೆ ಪರೀಕ್ಷೆ ಮಾಡಬೇಕಾಗಿತ್ತು. 2008ರಲ್ಲಿ ಹಂದಿಯ ಕೊಲಾಜನ್‌ನಿಂದ ಮಾಡಿದ ಫಿಲ್ಲರೊಂದಕ್ಕೂ ಅಲ್ಲಿ ಅನುಮತಿ ದೊರೆತು, ಮರುವರ್ಷವೇ ಅದನ್ನು ಕಂಪೆನಿ ನಿಲ್ಲಿಸಿತು. ಹೀಗಾಗಿ "ಇದರಲ್ಲಿ ಏನಿದೆ?" ಎಂದು ಮುಸ್ಲಿಮರು ಕೇಳುವುದು ಅತಿಶಂಕೆಯೇನೂ ಅಲ್ಲ.

ಇಂದು ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಮ್ಲ. ಆಮ್ಲವೆಂದಾಕ್ಷಣ ಸುಡುವ ವಸ್ತುವೆಂದು ಹೆದರಬೇಕಾಗಿಲ್ಲ. ಇದು ನಮ್ಮ ಚರ್ಮದಲ್ಲೂ ಕೀಲುಗಳಲ್ಲೂ ಅಲ್ಲಾಹನು ಮೊದಲೇ ಇಟ್ಟಿರುವ, ನೀರನ್ನು ಹಿಡಿದಿಡುವ ಸಕ್ಕರೆಜಾತಿಯ ಅಂಟು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ಇದನ್ನು ದನದ ಕಣ್ಣುಗುಡ್ಡೆಯೊಳಗಿನ ದ್ರವದಿಂದ ಮೊದಲ ಬಾರಿಗೆ ಬೇರ್ಪಡಿಸಿದರು. ಕಣ್ಣಿನೊಳಗೆ ಸಿಕ್ಕಿದ ವಸ್ತು ಈಗ ಕಣ್ಣಿನ ಕೆಳಗೆ ಬಂದು ಕುಳಿತಿದೆ! ಆರಂಭದಲ್ಲಿ ಇದನ್ನು ಹುಂಜದ ಜುಟ್ಟಿನಿಂದಲೂ ತೆಗೆಯುತ್ತಿದ್ದರು. ಈಗ ಬಹುತೇಕ ಕಂಪೆನಿಗಳು ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಬೆಳೆಸಿ, ಹುದುಗಿಸಿ ಪಡೆಯುತ್ತವೆ. ಹಾಗೆಯೇ ಚುಚ್ಚಿದರೆ ಅದು ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಅದರ ಎಳೆಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಹೆಣೆದು ಗಟ್ಟಿ ಜೆಲ್ ಮಾಡುತ್ತಾರೆ. ನೋವು ಕಡಿಮೆಯಾಗಲೆಂದು ಹೆಚ್ಚಿನವುಗಳಲ್ಲಿ ಲಿಡೊಕೇನ್ ಎಂಬ ಮರಗಟ್ಟಿಸುವ ಮದ್ದನ್ನೂ ಬೆರೆಸುತ್ತಾರೆ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್‌ನಿಂದ ತೊಂದರೆಯಾದವರು ಇದನ್ನು ವೈದ್ಯರಿಗೆ ತಿಳಿಸಬೇಕು.

ಆರಿಸುವುದು ಹೇಗೆ?

ಕಣ್ಣಿನ ಕೆಳಗೆ ಬಳಸುವ ಫಿಲ್ಲರಿಗೆ ಮೊದಲನೆಯ ಮತ್ತು ಬಿಟ್ಟುಕೊಡಲಾಗದ ಗುಣವೆಂದರೆ ಅದನ್ನು ಮರಳಿ ಕರಗಿಸಲು ಸಾಧ್ಯವಿರಬೇಕು. ಹಯಲುರಾನಿಕ್ ಆಮ್ಲವನ್ನು ಹಯಲುರಾನಿಡೇಸ್ ಎಂಬ ಇನ್ನೊಂದು ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಕ್ಯಾಲ್ಸಿಯಂ ಕಣಗಳ ಫಿಲ್ಲರ್, ಪಾಲಿಲ್ಯಾಕ್ಟಿಕ್ ಆಮ್ಲದ ಫಿಲ್ಲರ್, ಪ್ಲಾಸ್ಟಿಕ್ ಕಣಗಳಿರುವ ಶಾಶ್ವತ ಫಿಲ್ಲರ್ ಇವನ್ನು ಹಾಗೆ ಕರಗಿಸಲಾಗದು. ಕೆನ್ನೆಯ ಆಳದಲ್ಲಿ ಇವುಗಳಲ್ಲಿ ಕೆಲವಕ್ಕೆ ಉಪಯೋಗವಿರಬಹುದು, ಆದರೆ ಕಾಗದದಷ್ಟು ತೆಳುವಾದ ರೆಪ್ಪೆಯ ಕೆಳಗೆ ಗಂಟು ಕಟ್ಟಿದರೆ ಅದನ್ನು ಕೊಯ್ದೇ ತೆಗೆಯಬೇಕಾದೀತು. "ಒಮ್ಮೆ ಹಾಕಿಸಿದರೆ ಜೀವಮಾನವಿಡೀ ಚಿಂತೆಯಿಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು. ದ್ರವ ಸಿಲಿಕೋನ್ ಚುಚ್ಚುವವರ ಕಡೆಗಂತೂ ತಲೆಹಾಕಲೇಬಾರದು.

ತಮ್ಮದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ಕಣ್ಣಿನ ಕೆಳಗೆ ಚುಚ್ಚಿಸಿಕೊಳ್ಳುವ ಕ್ರಮವೂ ಇದೆ. ಹೊರಗಿನ ವಸ್ತುವೇನೂ ಇಲ್ಲದುದರಿಂದ ಹಲಾಲ್-ಹರಾಮಿನ ಸಂದೇಹ ಕಡಿಮೆಯೆಂದು ನಮ್ಮವರಿಗೆ ಅದು ಹಿಡಿಸುತ್ತದೆ. ಆದರೆ ಮೂಲ ಶುದ್ಧವಾದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಕೊಬ್ಬು ರಕ್ತನಾಳದೊಳಗೆ ಹೋದರೆ ಕರಗಿಸುವ ಮದ್ದಿಲ್ಲ. ಇದರ ಲೆಕ್ಕ ಮುಂದೆ ಬರುತ್ತದೆ.

ಎರಡನೆಯ ಗುಣ, ಜೆಲ್ ಮೃದುವಾಗಿರಬೇಕು ಮತ್ತು ನೀರನ್ನು ಹೆಚ್ಚಾಗಿ ಹೀರದಂತಿರಬೇಕು. ಹಯಲುರಾನಿಕ್ ಆಮ್ಲದ ಸ್ವಭಾವವೇ ನೀರನ್ನು ಸೆಳೆಯುವುದು. ಆದರೆ ಒಂದು ಬ್ರಾಂಡ್ ಹೆಚ್ಚು ಸೆಳೆದರೆ ಇನ್ನೊಂದು ಕಡಿಮೆ ಸೆಳೆಯುತ್ತದೆ. ಕೆನ್ನೆಯೆಲುಬು, ಗಲ್ಲ ಎತ್ತರಿಸಲು ಮಾಡಿದ ಗಟ್ಟಿ ಜೆಲ್ಲನ್ನು ಕಣ್ಣಿನ ಕೆಳಗೆ ಹಾಕಿದರೆ ಊತ ಬಂದು ಮುಖ ಮೊದಲಿಗಿಂತ ದಣಿದಂತೆ ಕಾಣುತ್ತದೆ. ಅಮೇರಿಕದ ಆಹಾರ ಮತ್ತು ಔಷಧ ಆಡಳಿತವು 2022ರಲ್ಲಿ ಜುವೆಡರ್ಮ್ ವೊಲ್ಬೆಲ್ಲಾ ಮತ್ತು 2023ರಲ್ಲಿ ರೆಸ್ಟಿಲೇನ್ ಐಲೈಟ್ ಎಂಬ ಎರಡಕ್ಕೆ ಕಣ್ಣಿನ ಕೆಳಗಿನ ಗುಳಿಗೆಂದೇ ಅನುಮತಿ ಕೊಟ್ಟಿತು. ಹೆಸರು ಮುಖ್ಯವಲ್ಲ, ಆದರೆ ಅಲ್ಲಿನ ಒಂದು ಷರತ್ತು ಬಹಳ ಮುಖ್ಯ. ಈ ಅನುಮತಿ 21 ವರ್ಷ ದಾಟಿದವರಿಗೆ ಮಾತ್ರ. ನಮ್ಮಲ್ಲಿ ಈ ಇಂಜೆಕ್ಷನ್‌ಗೆಂದು ಕರೆದೊಯ್ಯಲ್ಪಡುವ ಹುಡುಗಿಯರ ವಯಸ್ಸು ಎಷ್ಟೆಂಬುದನ್ನು ಪೋಷಕರೇ ಯೋಚಿಸಲಿ.

ಮೂರನೆಯದು ಪ್ರಮಾಣ. ಒಂದು ಸಿರಿಂಜಿನಲ್ಲಿರುವುದು ಸಾಮಾನ್ಯವಾಗಿ 1 ಮಿಲಿಲೀಟರ್, ಅಂದರೆ ಮದ್ದು ಕುಡಿಯುವ ಚಿಕ್ಕ ಚಮಚದ ಐದನೆಯ ಒಂದು ಭಾಗ. ಜಾಗರೂಕರಾದ ವೈದ್ಯರು ಒಂದು ಕಣ್ಣಿಗೆ ಅದರ ಅರ್ಧ ಅಥವಾ ಅದಕ್ಕಿಂತಲೂ ಕಡಿಮೆ ಬಳಸುತ್ತಾರೆ. ಗುಳಿಯನ್ನು ಪೂರ್ತಿ ತುಂಬದೆ, ಎರಡು ವಾರಗಳ ಬಳಿಕ ಕರೆಸಿ ನೋಡಿ, ಬೇಕಾದರೆ ಮಾತ್ರ ಮತ್ತಷ್ಟು ಹಾಕುತ್ತಾರೆ. "ಸಿರಿಂಜ್ ಪೂರ್ತಿ ಹಣ ಕೊಟ್ಟಿದ್ದೇವೆ, ಉಳಿದದ್ದನ್ನೂ ಹಾಕಿಬಿಡಿ" ಎಂದು ವೈದ್ಯರನ್ನು ಒತ್ತಾಯಿಸುವವರಿದ್ದಾರೆ. ಉಳಿತಾಯ ಮಾಡಲು ಇದಲ್ಲ ಜಾಗ.

ಜೆಲ್ಲನ್ನು ಸ್ನಾಯುವಿನ ಅಡಿಯಲ್ಲಿ, ಎಲುಬಿನ ಹತ್ತಿರ, ಆಳದಲ್ಲಿ ಇಡಬೇಕು. ಚರ್ಮಕ್ಕೆ ಹತ್ತಿರವಾಗಿ ಹಾಕಿದರೆ ಬೆಳಕು ಅದರೊಳಗೆ ಚದುರಿ ನೀಲಿ ಛಾಯೆ ಕಾಣುತ್ತದೆ. 19ನೇ ಶತಮಾನದ ಭೌತಶಾಸ್ತ್ರಜ್ಞ ಜಾನ್ ಟಿಂಡಾಲ್ ಅವರ ಹೆಸರಿನಿಂದ ಕರೆಯಲ್ಪಡುವ ಪರಿಣಾಮ ಇದು. ಕಪ್ಪು ಹೋಗಲೆಂದು ಹೋದವರು ನೀಲಿ ಮಾಡಿಸಿಕೊಂಡು ಬರುವುದು ಹೀಗೆ. ಇದೂ ಕರಗಿಸಿದರೆ ಹೋಗುತ್ತದೆ.

ಎಷ್ಟು ಕಾಲ ಉಳಿಯುತ್ತದೆ? ಕಂಪೆನಿಗಳು ಒಂದು ವರ್ಷ, ಒಂದೂವರೆ ವರ್ಷ ಎನ್ನುತ್ತವೆ. ಆದರೆ ಎಂ.ಆರ್.ಐ. ಚಿತ್ರಗಳಲ್ಲಿ ಹಲವು ವರ್ಷಗಳ ನಂತರವೂ ಕಣ್ಣಿನ ಕೆಳಗೆ ಜೆಲ್ ಉಳಿದಿರುವುದನ್ನು ವೈದ್ಯರು ಕಂಡಿದ್ದಾರೆ. ವರ್ಷಕ್ಕೊಮ್ಮೆ ಕಣ್ಣುಮುಚ್ಚಿ ಹಾಕಿಸುತ್ತಾ ಹೋದರೆ ಹಳೆಯದರ ಮೇಲೆ ಹೊಸದು ಸೇರಿ ಊತವಾಗುತ್ತದೆ.

ದೃಷ್ಟಿಯೆಂಬ ಅನುಗ್ರಹ

ನೀಲಿ ಗುರುತು, ನೋವು, ನಾಲ್ಕಾರು ದಿನಗಳ ಊತ ಇವೆಲ್ಲ ಸಾಮಾನ್ಯ. ಅವುಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮದುವೆಗೆ ಎರಡು ದಿನವಿರುವಾಗ ಮಾಡಿಸಬಾರದು, ಕನಿಷ್ಠ ಒಂದು ತಿಂಗಳ ಅಂತರವಿರಲಿ ಎಂದರೆ ಸಾಕು.

ಹೆದರಬೇಕಾದದ್ದು ಬೇರೆಯೇ ಇದೆ. ಕಣ್ಣು, ಮೂಗು, ಹಣೆಯ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿವೆ. ಸೂಜಿಯ ತುದಿ ಅಪಧಮನಿಯೊಳಗೆ ಇದ್ದು ಒತ್ತಡದಿಂದ ಜೆಲ್ ಒಳಹೊಕ್ಕರೆ ಅದು ಹಿಮ್ಮುಖವಾಗಿ ಹರಿದು ಕಣ್ಣಿನ ಅಪಧಮನಿಗೆ ಸೇರಿ, ಅಕ್ಷಿಪಟಲಕ್ಕೆ ರಕ್ತ ಹೋಗದಂತೆ ತಡೆಯಬಹುದು. ರಕ್ತವಿಲ್ಲದೆ ಅಕ್ಷಿಪಟಲ ತಡೆದುಕೊಳ್ಳುವುದು ಸುಮಾರು ಒಂದರಿಂದ ಒಂದೂವರೆ ಗಂಟೆ ಮಾತ್ರ. 2015ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಪರಿಶೀಲನೆಯಲ್ಲಿ ಅಲ್ಲಿಯ ತನಕ ಜಗತ್ತಿನಾದ್ಯಂತ ವರದಿಯಾಗಿದ್ದ ಇಂತಹ 98 ಪ್ರಕರಣಗಳನ್ನು ಲೆಕ್ಕ ಹಾಕಲಾಗಿತ್ತು. ಅವುಗಳಲ್ಲಿ 47 ತಮ್ಮದೇ ಕೊಬ್ಬನ್ನು ಚುಚ್ಚಿಸಿಕೊಂಡವರದು, 23 ಹಯಲುರಾನಿಕ್ ಆಮ್ಲದವು. 2019ರ ಮುಂದುವರಿದ ಪರಿಶೀಲನೆಯಲ್ಲಿ ಹೊಸದಾಗಿ 48 ಪ್ರಕರಣಗಳು ಸೇರಿದವು. ಆ ವೇಳೆಗೆ ಹಯಲುರಾನಿಕ್ ಆಮ್ಲದ ಬಳಕೆ ವ್ಯಾಪಕವಾಗಿದ್ದುದರಿಂದ ಅವುಗಳಲ್ಲಿ 39 ಅದರವೇ. ಹೆಚ್ಚಿನವರಿಗೆ ಹೋದ ದೃಷ್ಟಿ ಪೂರ್ಣವಾಗಿ ಮರಳಲಿಲ್ಲ. ಇವುಗಳಲ್ಲಿ ಬಹುಪಾಲು ಹುಬ್ಬುಗಳ ನಡುವೆ, ಮೂಗು, ಹಣೆಯಂತಹ ಕಡೆ ಚುಚ್ಚಿದವು. ಜಗತ್ತಿನಲ್ಲಿ ಕೊಡಲಾಗುವ ಲಕ್ಷಾಂತರ ಇಂಜೆಕ್ಷನ್‌ಗಳ ಮುಂದೆ ಈ ಸಂಖ್ಯೆ ಬಹಳ ಚಿಕ್ಕದು ಎಂಬುದೂ ನಿಜ. ಆದರೆ ಅಪರೂಪವೆಂಬ ಮಾತು ಕಣ್ಣು ಕಳೆದುಕೊಂಡವನಿಗೆ ಸಮಾಧಾನ ನೀಡುವುದಿಲ್ಲ. ಒಂದು ನೆರಳನ್ನು ಹೋಗಲಾಡಿಸಲು ಬೆಳಕನ್ನೇ ಪಣಕ್ಕಿಡುವಾಗ ಆ ಪಣ ಎಷ್ಟೇ ಚಿಕ್ಕದಾದರೂ ತಿಳಿದು ಇಡಬೇಕು, ತಿಳಿಯದೆ ಅಲ್ಲ.

ಧರ್ಮವಿಧಿ ಏನು ಹೇಳುತ್ತದೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಅಲ್ಲಾಹನ ಸೃಷ್ಟಿಯನ್ನು ಬದಲಿಸುವಂತೆ ಜನರನ್ನು ಪ್ರೇರೇಪಿಸುವೆನೆಂದು ಶೈತಾನನು ಹೇಳಿದ ಪ್ರಸ್ತಾಪ ಅನ್ನಿಸಾ ಅಧ್ಯಾಯದಲ್ಲಿದೆ. ಹಚ್ಚೆ ಹೊಯ್ಯುವವರು, ಹುಬ್ಬು ಕೀಳುವವರು, ಅಂದಕ್ಕಾಗಿ ಹಲ್ಲುಗಳ ನಡುವೆ ಅರದಿಂದ ಸಂದು ಮಾಡಿಸಿಕೊಳ್ಳುವವರು ಶಾಪಗ್ರಸ್ತರೆಂದು ಇಬ್ನು ಮಸ್‌ಊದ್(ರ)ರಿಂದ ವರದಿಯಾದ ಹದೀಸ್ ಪ್ರಸಿದ್ಧವಾಗಿದೆ. ಇನ್ನೊಂದು ಕಡೆ, ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ ಬಿನ್ ಅಸ್‌ಅದ್(ರ) ಬೆಳ್ಳಿಯ ಮೂಗು ಹಾಕಿಸಿಕೊಂಡು, ಅದು ದುರ್ವಾಸನೆ ಬೀರತೊಡಗಿದಾಗ, ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಪ್ರವಾದಿವರ್ಯರು(ಸ) ಅವರಿಗೆ ಆದೇಶಿಸಿದರು. ಹಾನಿಗೊಂಡದ್ದನ್ನು ಸರಿಪಡಿಸುವುದು ಬೇರೆ, ಸರಿಯಾಗಿರುವುದನ್ನು ಬದಲಿಸುವುದು ಬೇರೆ ಎಂಬ ವ್ಯತ್ಯಾಸವನ್ನು ವಿದ್ವಾಂಸರು ಇದರಿಂದ ಕಂಡುಕೊಂಡಿದ್ದಾರೆ. ಹಲ್ಲಿನ ಕುರಿತ ಹದೀಸನ್ನು ವಿವರಿಸುತ್ತಾ ಇಮಾಮ್ ನವವಿ(ರ)ಯವರು, ಚಿಕಿತ್ಸೆಗಾಗಿ ಅಥವಾ ಹಲ್ಲಿನ ದೋಷಕ್ಕಾಗಿ ಅದರ ಅಗತ್ಯ ಬಿದ್ದರೆ ತಪ್ಪಿಲ್ಲವೆಂದು ಬರೆದಿದ್ದಾರೆ. ಕರಾವಳಿಯ ಶಾಫಿಈ ಮದ್‌ಹಬಿನವರಿಗೆ ಅವರ ಮಾತಿನ ತೂಕ ಏನೆಂದು ಹೇಳಬೇಕಾಗಿಲ್ಲ.

ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಒಂದು ಘಟನೆಯಿದೆ. ಕಾಯಿಲೆಯಿಂದ ತಲೆಗೂದಲು ಉದುರಿದ ತನ್ನ ಮದುಮಗಳಿಗೆ ಬೇರೆ ಕೂದಲು ಸೇರಿಸಬಹುದೇ ಎಂದು ಒಬ್ಬ ತಾಯಿ ಪ್ರವಾದಿವರ್ಯರ(ಸ) ಬಳಿ ಕೇಳಿದಾಗ ಅವರು ಅದಕ್ಕೆ ಅನುಮತಿ ಕೊಡಲಿಲ್ಲ. ಆ ತಾಯಿಯ ಕಳವಳ ಇಂದಿನ ತಾಯಂದಿರ ಕಳವಳವೇ. ಅದರಲ್ಲಿ ವಂಚನೆಯ ಅಂಶವಿರುವುದು ನಿಷೇಧಕ್ಕೆ ಒಂದು ಕಾರಣವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಆದ್ದರಿಂದ ಗಂಡಿನ ಕಡೆಯವರ ಕಣ್ಣಿಗೆ ಬೇರೆಯದೇ ಮುಖವನ್ನು ತೋರಿಸುವ ಏಕೈಕ ಉದ್ದೇಶದಿಂದ ಮಾಡಿಸುವುದನ್ನು ಸಮರ್ಥಿಸುವುದು ಸುಲಭವಲ್ಲ.

ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 2007ರ ಜುಲೈಯಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸೇರಿದಾಗ ಸೌಂದರ್ಯ ಚಿಕಿತ್ಸೆಯ ಕುರಿತು ನಿರ್ಣಯ ಕೈಗೊಂಡಿತು. ಹುಟ್ಟಿನಿಂದ ಬಂದ ದೋಷ, ಅಪಘಾತ, ಸುಟ್ಟಗಾಯ, ರೋಗಗಳಿಂದ ಆದ ವಿಕಾರ, ವ್ಯಕ್ತಿಗೆ ದೈಹಿಕ ಅಥವಾ ಮಾನಸಿಕ ಯಾತನೆ ಕೊಡುವ ಕುರೂಪ ಇವನ್ನು ಸರಿಪಡಿಸುವುದು ಅನುವದನೀಯ. ಸಹಜವಾದ ಮುಖವನ್ನು ಮನಸ್ಸಿನ ಇಚ್ಛೆಗೆ, ಇತರರ ಅನುಕರಣೆಗೆ ತಕ್ಕಂತೆ ಬದಲಿಸುವುದು ಅನುವದನೀಯವಲ್ಲ. ವಯಸ್ಸಿನ ಸುಕ್ಕುಗಳನ್ನು ಇಂಜೆಕ್ಷನ್‌ನಿಂದ ತೆಗೆಯುವುದನ್ನೂ, ಅದು ರೋಗಸ್ಥಿತಿಯಾಗಿದ್ದು ಹಾನಿಯ ಭಯವಿಲ್ಲದಿದ್ದಾಗ ಮಾತ್ರ ಒಪ್ಪಬಹುದೆಂದು ಅದು ಹೇಳಿತು. ಇದಕ್ಕಿಂತ ಸಡಿಲವಾದ ಅಭಿಪ್ರಾಯವಿರುವ ವಿದ್ವಾಂಸರೂ ಇದ್ದಾರೆ. ಕೆಲ ಕಾಲದಲ್ಲಿ ಕರಗಿಹೋಗುವ, ಮುಖದ ರೂಪವನ್ನು ಬದಲಿಸದ ಚಿಕಿತ್ಸೆಯನ್ನು ಅವರು ಶಾಶ್ವತ ಬದಲಾವಣೆಯಂತೆ ಕಾಣುವುದಿಲ್ಲ.

ಈ ಅಳತೆಗೋಲನ್ನು ಮೇಲೆ ಹೇಳಿದ ವೈದ್ಯಕೀಯ ಸಂಗತಿಗಳ ಮೇಲಿಟ್ಟು ನೋಡಿ. ಅಪಘಾತದಲ್ಲಿ ಕೆನ್ನೆಯೆಲುಬು ಮುರಿದು ಒಂದು ಕಣ್ಣಿನ ಕೆಳಗೆ ಗುಳಿಯಾದ ಯುವಕ, ದೀರ್ಘ ರೋಗದಿಂದ ಮುಖದ ಕೊಬ್ಬೆಲ್ಲ ಕರಗಿದ ಮಹಿಳೆ, ಇವರ ವಿಷಯದಲ್ಲಿ ಹೆಚ್ಚು ಚರ್ಚೆಗೆ ಆಸ್ಪದವಿಲ್ಲ. ಎಲ್ಲರೂ "ಹುಷಾರಿಲ್ಲವೇ?" ಎಂದು ಕೇಳುವಷ್ಟು ಆಳವಾದ ಗುಳಿ ಹುಟ್ಟಿನಿಂದಲೇ ಇದ್ದು, ಜನರ ಮುಂದೆ ಬರಲೂ ಹಿಂಜರಿಯುವ ಹುಡುಗಿಯ ಸ್ಥಿತಿಯನ್ನು ವಿದ್ವಾಂಸರ ಮುಂದೆ ಇದ್ದಂತೆಯೇ ವಿವರಿಸಿ ಕೇಳಬೇಕು. ಐವತ್ತರ ಹರೆಯದಲ್ಲಿ ಇಪ್ಪತ್ತೈದರಂತೆ ಕಾಣಬೇಕೆಂಬ ಆಸೆಗೆ, ಯಾವುದೋ ನಟಿಯ ಚಿತ್ರ ಹಿಡಿದು ಬಂದವರಿಗೆ ಇಲ್ಲಿ ಅನುಮತಿ ಹುಡುಕುವುದು ಕಷ್ಟ. ಹೆಣ್ಣನ್ನು ಸಂತೆಯ ಸರಕಿನಂತೆ ತಿರುಗಿಸಿ ನೋಡಿ ಕೊರತೆ ಎಣಿಸಿ ಹೋಗುವ ಗಂಡಿನ ಕಡೆಯವರ ವಿಷಯದಲ್ಲಿ ನಮ್ಮ ಮಸೀದಿಗಳಲ್ಲಿ ಎಷ್ಟು ಬಾರಿ ಮಾತು ಬಂದಿದೆ? ಮದ್ದು ಬೇಕಾದದ್ದು ಕೆಲವೊಮ್ಮೆ ಹುಡುಗಿಯ ಕಣ್ಣಿಗಲ್ಲ, ಅವರ ನಾಲಿಗೆಗೆ.

ವಸ್ತುವಿನ ಮೂಲದ ಕುರಿತು ಒಂದು ಮಾತು. ಬ್ಯಾಕ್ಟೀರಿಯಾದಿಂದ ಪಡೆದದ್ದಾದರೂ ಅದನ್ನು ಬೆಳೆಸುವ ಪೋಷಕದ್ರವದಲ್ಲಿ ಪ್ರಾಣಿಜನ್ಯ ವಸ್ತುವಿದೆಯೇ ಎಂದು ಕಂಪೆನಿಯಿಂದ ಲಿಖಿತವಾಗಿ ಕೇಳಿ ತಿಳಿಯಬಹುದು. ಕರಗಿಸುವ ಹಯಲುರಾನಿಡೇಸ್ ಕೆಲವು ಕುರಿ, ದನಗಳಿಂದ ಬಂದವು, ಕೆಲವು ಪ್ರಯೋಗಾಲಯದಲ್ಲಿ ತಯಾರಾದವು. ಕಣ್ಣು ಅಪಾಯದಲ್ಲಿರುವಾಗ ಮಾತ್ರ ಈ ಪ್ರಶ್ನೆ ಕೇಳುತ್ತಾ ಕೂರಬಾರದು. ಅದು ತುರ್ತು ಅಗತ್ಯದ ಸ್ಥಿತಿ. ಫಿಲ್ಲರ್ ಚರ್ಮದ ಒಳಗಿರುವುದರಿಂದ ವುಝೂವಿಗೆ ಅಡ್ಡಿಯಿಲ್ಲ. ಮುಖ ತೊಳೆಯುವಾಗ ಮೊದಲ ಕೆಲವು ದಿನ ಆ ಜಾಗವನ್ನು ಒತ್ತಿ ಉಜ್ಜದಿದ್ದರೆ ಸಾಕು. ಪೋಷಣೆಗಾಗಿ ಅಲ್ಲದ ಇಂಜೆಕ್ಷನ್‌ನಿಂದ ಉಪವಾಸ ಮುರಿಯುವುದಿಲ್ಲವೆಂದು ಅದೇ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ನಿರ್ಣಯಿಸಿದೆ. ಆದರೂ ಅವಸರವಿಲ್ಲದ ಈ ಕೆಲಸವನ್ನು ರಮಝಾನಿನ ಹಗಲಿನಲ್ಲೇ ಏಕೆ ಮಾಡಿಸಬೇಕು?

ಯಾರ ಕೈಗೆ ಮುಖ ಕೊಡುತ್ತೀರಿ?

ಬ್ಯೂಟಿ ಪಾರ್ಲರಿನಲ್ಲಿ, ಮನೆಗೆ ಬಂದು ಮಾಡಿಕೊಡುವವರಲ್ಲಿ, ಕೋರ್ಸ್ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರಲ್ಲಿ ಖಂಡಿತ ಬೇಡ. ಸೂಜಿಯಿಲ್ಲದೆ ಒತ್ತಡದಿಂದ ಫಿಲ್ಲರ್ ಒಳಹೊಗಿಸುವ ಪೆನ್ನುಗಳ ವಿರುದ್ಧ ಅಮೇರಿಕದ ಔಷಧ ಆಡಳಿತ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಚರ್ಮರೋಗ ತಜ್ಞರು, ಪ್ಲಾಸ್ಟಿಕ್ ಸರ್ಜನ್, ಅಥವಾ ರೆಪ್ಪೆಯ ಶಸ್ತ್ರಚಿಕಿತ್ಸೆಯಲ್ಲಿ ತರಬೇತಾದ ನೇತ್ರತಜ್ಞರು, ಈ ಮೂವರಲ್ಲಿ ಒಬ್ಬರಾಗಿರಬೇಕು. ಅವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿದೆಯೇ ಎಂದು ನೋಡಬಹುದು. ಮಹಿಳೆಯರಿಗೆ ವೈದ್ಯೆಯೇ ಸಿಕ್ಕಿದರೆ ಒಳ್ಳೆಯದು. ಆದರೆ ತರಬೇತಿಯಿಲ್ಲದ ಮಹಿಳೆಗಿಂತ ತರಬೇತಿಯಿರುವ ವೈದ್ಯರೇ ಮೇಲು. ಜೊತೆಗೆ ತಾಯಿಯೋ ಪತಿಯೋ ಇರಲಿ.

ಹಣದ ಮಾತಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಹಯಲುರಾನಿಡೇಸ್ ಈಗ ಇಲ್ಲಿ ನಿಮ್ಮ ಬಳಿ ಇದೆಯೇ? ಅದನ್ನು ನೀವು ಬಳಸಿದ್ದೀರಾ?" ಇಲ್ಲವೆಂದರೆ ಆ ಕ್ಲಿನಿಕ್ ಎಷ್ಟೇ ಝಗಮಗಿಸುತ್ತಿರಲಿ, ಬೇಡ. ಮೊನಚಿಲ್ಲದ ತುದಿಯ ಕ್ಯಾನ್ಯುಲಾ ಬಳಸುತ್ತಾರೆಯೇ ಎಂದೂ ಕೇಳಿ. ಅದರಿಂದ ನೀಲಿಗಟ್ಟುವುದು ಕಡಿಮೆ, ಆದರೆ ಅದೂ ಅಪಾಯವನ್ನು ಪೂರ್ತಿ ಇಲ್ಲವಾಗಿಸುವುದಿಲ್ಲ. ನೀವು ಬಸುರಿಯಾಗಿದ್ದರೆ, ಮಗುವಿಗೆ ಹಾಲೂಡುತ್ತಿದ್ದರೆ ಮುಂದಕ್ಕೆ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ, ಮುಖದಲ್ಲಿ ಸೋಂಕು, ಹಿಂದೆ ಹಾಕಿಸಿದ ಫಿಲ್ಲರ್, ಜೇನುನೊಣ ಕಚ್ಚಿ ಮೈಯೆಲ್ಲ ಊದಿದ ಅನುಭವ ಇದ್ದರೆ ಮುಚ್ಚಿಡಬೇಡಿ. ಜೇನುನೊಣದ ವಿಷದಲ್ಲೂ ಕರಗಿಸುವ ಮದ್ದಿನ ಜಾತಿಯ ವಸ್ತುವಿರುವುದರಿಂದ ವೈದ್ಯರು ಅದನ್ನು ತಿಳಿದಿರಬೇಕು. ಹೃದಯದ ತೊಂದರೆಗೆ ಕೊಟ್ಟ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ಚುಚ್ಚುವಾಗಲೋ ಮನೆಗೆ ಬಂದ ಮೇಲೋ ಸಹಿಸಲಾರದ ನೋವು, ಚರ್ಮ ಬಿಳುಚಿ ಬಲೆಯಂತೆ ನೇರಳೆ ಗೆರೆಗಳು ಮೂಡುವುದು, ಕಣ್ಣು ಮಬ್ಬಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತುಬ್ಬೀಳುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಆ ಕ್ಷಣವೇ ಚುಚ್ಚಿದ ವೈದ್ಯರಿಗೆ ಫೋನ್ ಮಾಡಿ, ನೇತ್ರ ವಿಭಾಗವಿರುವ ಆಸ್ಪತ್ರೆಗೆ ಹೊರಡಬೇಕು. ರಾತ್ರಿ ಫೋನ್ ಎತ್ತುವ ವೈದ್ಯರೇ ಎಂಬುದನ್ನು ಮೊದಲೇ ವಿಚಾರಿಸಿರಬೇಕು.

ಡಬ್ಬಿಯನ್ನು ನಿಮ್ಮ ಮುಂದೆಯೇ ಒಡೆಯಲಿ. ಭಾರತದಲ್ಲಿ ಫಿಲ್ಲರುಗಳು ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಡಬ್ಬಿಯ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಬ್ಯಾಚ್ ಸಂಖ್ಯೆಯ ಚೀಟಿಯನ್ನು ಕೇಳಿ ಪಡೆದು, ಯಾವ ಕಣ್ಣಿಗೆ ಎಷ್ಟು ಹಾಕಿದರೆಂದು ಅದರ ಮೇಲೆ ಬರೆಸಿ, ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ. ಮೂರು ವರ್ಷಗಳ ಬಳಿಕ ಅಲ್ಲಿ ಊತ ಕಾಣಿಸಿ ಬೇರೆ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.